ಪಾರ್ಸೆಲ್ ನಿಮ್ದು, ಸುಂಕ ಯಾರ್ದು?

ಇವತ್ತಿನ ಮಾತು ಅಮೆರಿಕಕ್ಕೆ ಪಾರ್ಸೆಲ್ ಕಳಿಸೋರಿಗೆ. ಅದರಲ್ಲೂ ಇನ್‌ಸ್ಟಾಗ್ರಾಂನಲ್ಲಿ ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ ಮಾರ್ತಾ ಅಲ್ಲೂ ನಾಲ್ಕು ಗಿರಾಕಿ ಸಂಪಾದಿಸಿರೋರು ಸ್ವಲ್ಪ ಗಮನ ಕೊಟ್ಟು ಕೇಳಿ.

2016ರಿಂದ ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಆಮದು ಸುಂಕ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ಮುಗೀತು. ಸುಂಕ ವಸೂಲಿ ಮಾಡಿ ಕಟ್ಟೋದು ಹೇಗೆ ಅನ್ನೋದೇ ಸ್ಪಷ್ಟ ಇಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಹೆಚ್ಚಿನ ಬುಕಿಂಗ್ ನಿಲ್ಲಿಸ್ತು. ಮತ್ತೆ ಶುರುವಾಗಿದ್ದು ಅಕ್ಟೋಬರ್ 15ಕ್ಕೆ, ಹೊಸ ಪದ್ಧತಿಯಲ್ಲಿ. ಸುಂಕವನ್ನ ಕಳಿಸೋರೇ, ಇಲ್ಲೇ, ಬುಕ್ ಮಾಡುವಾಗಲೇ ಕಟ್ಟಬೇಕು. ಹೆಸರು 'ಡೆಲಿವರ್ಡ್ ಡ್ಯೂಟಿ ಪೇಯ್ಡ್', ಅಂದ್ರೆ ಡಿಡಿಪಿ. ಬಿ.ಕಾಂನಲ್ಲಿ ಎರಡು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ದ ಪದ, ಈಗ ಪೋಸ್ಟ್ ಆಫೀಸ್ ಕೌಂಟರ್‌ಗೇ ಬಂದು ನಿಂತಿದೆ.

ಲೆಕ್ಕ ನೋಡಿ. 2025ರ ನವೆಂಬರ್‌ನಲ್ಲಿ ಅಂಚೆ ಪಾರ್ಸೆಲ್‌ಗೆ ಸುಂಕ, ನೀವು ಬರೆದುಕೊಟ್ಟ ಬೆಲೆಯ 50% ಇತ್ತು. 3,000 ರೂಪಾಯಿ ಗೊಂಬೆ ಸೆಟ್‌ಗೆ 1,500 ರೂಪಾಯಿ. ಅಂಚೆ ವೆಚ್ಚ ಬೇರೆ. ಡಿಡಿಪಿ ಸೇವೆಗೆ ಅಂತ ಇಲಾಖೆ ಆಗ ಪ್ರತ್ಯೇಕ ಚಾರ್ಜ್ ಹಾಕ್ತಿರಲಿಲ್ಲ, ಅದೊಂದು ಸಮಾಧಾನ.

ಹೊಟ್ಟೆ ಉರಿಯುತ್ತೆ, ಸರಿ. ಆದ್ರೆ ಇನ್ನೊಂದು ದಾರಿ ನೋಡಿ. ಕೆಲವು ಕೊರಿಯರ್‌ನವರು 'ಸುಂಕ ತಗೊಳ್ಳೋರು ಕಟ್ಕೊಳ್ಲಿ' ಅನ್ನೋ ಲೆಕ್ಕದಲ್ಲಿ ಕಡಿಮೆ ರೇಟ್ ಹೇಳ್ತಾರೆ. ಅಲ್ಲಿ ಗಿರಾಕಿಗೆ ಸುಂಕದ ಬಿಲ್ ಬರುತ್ತೆ, ಮೇಲೆ ಕೊರಿಯರ್‌ನವರದ್ದೊಂದು ಫೀ. ಅವರು ಬೇಡ ಅಂದ್ರೆ? ಪಾರ್ಸೆಲ್ ವಾಪಸ್ ತರಿಸೋ ಖರ್ಚು ನಿಮ್ಮ ತಲೆಗೆ. ತರಿಸೋದು ಗೊಂಬೆಗಿಂತ ದುಬಾರಿ ಅಂತ ಅಲ್ಲೇ ಬಿಟ್ಟುಬಿಡೋರೂ ಇದಾರೆ. ದುಡ್ಡು ಹೋಯ್ತು, ಗಿರಾಕಿಯೂ ಹೋದ್ರು. ನನ್ನ ಮಾತು ಕೇಳಿದ್ರೆ, ಸಣ್ಣ ವ್ಯಾಪಾರಕ್ಕೆ ಸುಂಕ ಮೊದಲೇ ಕಟ್ಟೋದೇ ವಾಸಿ. ಅದನ್ನ ಬೆಲೆಯಲ್ಲೇ ಸೇರಿಸಿ, ಆರ್ಡರ್ ತಗೊಳ್ಳುವಾಗಲೇ ಬಿಡಿಸಿ ಹೇಳಿ. ಹತ್ತರಲ್ಲಿ ಮೂರು ಜನ ಬೇಡ ಅಂದ್ರೂ ಉಳಿದ ಏಳು ಜನಕ್ಕೆ ಸಾಮಾನಂತೂ ಕೈ ಸೇರುತ್ತೆ.

ಇನ್ನು 'ಗಿಫ್ಟ್ ಅಂತ ಬರೆದುಬಿಡಿ' ಅನ್ನೋ ಸಲಹೆ. ಒಬ್ಬರು ಇನ್ನೊಬ್ಬರಿಗೆ ಪ್ರೀತಿಯಿಂದ ಕಳಿಸೋ 100 ಡಾಲರ್ ಒಳಗಿನ ಉಡುಗೊರೆಗೆ ಅಮೆರಿಕದಲ್ಲಿ ಸುಂಕ ಇಲ್ಲ, ನಿಜ. ಡೆಟ್ರಾಯಿಟ್‌ನಲ್ಲಿರೋ ಅಕ್ಕನ ಮಗಳಿಗೆ ಗೊಂಬೆ ಕಳಿಸಿದ್ರೆ ಅದು ಗಿಫ್ಟ್. ಯುಪಿಐನಲ್ಲೋ ಕಾರ್ಡಲ್ಲೋ ದುಡ್ಡು ತಗೊಂಡು ಕಳಿಸಿದ್ದು ವ್ಯಾಪಾರ. ಅದನ್ನ ಗಿಫ್ಟ್ ಅಂತ ಬರೆದ್ರೆ ಸುಳ್ಳು ಘೋಷಣೆ. ಬೆಲೆ ಕಮ್ಮಿ ಬರೆಯೋದೂ ಅಷ್ಟೆ. ಸಿಕ್ಕಿಬಿದ್ರೆ ಮಾಲು ಜಪ್ತಿ ಆಗಬಹುದು. ದಾರಿಯಲ್ಲಿ ಕಳೆದುಹೋದ್ರೆ, ನೀವು ಬರೆದ ಆ 500 ರೂಪಾಯಿಗಿಂತ ಜಾಸ್ತಿ ಪರಿಹಾರ ಕೇಳೋಕೆ ಮುಖ ಇರಲ್ಲ.

ಕೊರಿಯರ್‌ನಲ್ಲಿ ಡಿಡಿಪಿ ತಗೊಂಡ್ರೆ ಒಂದು ವಿಷ್ಯ ನೆನಪಿರಲಿ. ಅವರು ಮೊದಲು ಹೇಳೋದು ಎಷ್ಟೋ ಸಲ ಅಂದಾಜು ಮಾತ್ರ. ಕಸ್ಟಮ್ಸ್ ಲೆಕ್ಕ ಜಾಸ್ತಿ ಬಂದ್ರೆ ಬಾಕಿ ಬಿಲ್ ಯಾರಿಗೆ ಬರುತ್ತೆ ಅಂತ ಬುಕ್ ಮಾಡೋ ಮೊದಲೇ ಕೇಳಿ, ಉತ್ತರಾನ ವಾಟ್ಸಾಪ್‌ನಲ್ಲಾದ್ರೂ ಬರಹದಲ್ಲಿ ತಗೊಳ್ಳಿ.

ಯುರೋಪ್‌ಗೆ ಕಳಿಸೋರ ವ್ಯಾಟ್ ಕಥೆ ಬೇರೆನೇ ಇದೆ. ಮುಂದಿನ ವಾರ ಮಾತಾಡೋಣ.