ಅಗ್ಗದ ಮನೆಯ ಜಮಾ-ಖರ್ಚು
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಈಗತಾನೆ ತಮ್ಮ ವರದಿಯನ್ನು ಓದುತ್ತ, ಸಭೆಗಳಿಗೆ ಬರುವವರ ಸಂಖ್ಯೆ ವರ್ಷೇ ವರ್ಷೇ ಇಳಿಯುತ್ತಿದೆ, ಕನ್ನಡದ ಅಭಿಮಾನವೇ ಇಳಿಯಿತೋ ಏನೋ ಎಂದು ನೊಂದುಕೊಂಡರು. ನಮ್ಮನ್ನು ಎರಡು ಮಾತಾಡಲು ಕರೆದವರೂ ಅವರೇ. ಆದುದರಿಂದ ಅವರ ಪ್ರಶ್ನೆಗೇ ಉತ್ತರ ಹೇಳುವುದು ನ್ಯಾಯ. ಅಭಿಮಾನ ಎಲ್ಲಿಗೂ ಹೋಗಿಲ್ಲ, ಸ್ವಾಮಿ, ಸದಸ್ಯರು ಹೋಗಿದ್ದಾರೆ. ಕೆಲವರು ಡೊಂಬಿವಲಿಗೆ, ಕೆಲವರು ಬದ್ಲಾಪುರಕ್ಕೆ, ನಾವು ನಾಲಾಸೋಪಾರಾಕ್ಕೆ. ಸಂಜೆ ಆರೂವರೆಗೆ ಪ್ರಾರ್ಥನೆಯಿಂದ ಆರಂಭವಾಗಿ ಒಂಬತ್ತಕ್ಕೆ ವಂದನಾರ್ಪಣೆಯಲ್ಲಿ ಮುಗಿಯುವ ಸಭೆಗೆ ಬಂದವರು ಅಲ್ಲಿಗೆ ಹೋಗಿ ಮನೆಯ ಕದ ತಟ್ಟುವಾಗ ಹನ್ನೊಂದು ಹೊಡೆದಿರುತ್ತದೆ.

ಸಾಹಿತ್ಯದ ಮಾತು ನಮಗೆ ಬಾರದು. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು ನಾವು. ಲೆಕ್ಕದ ಭಾಷೆಯಲ್ಲೇ ಹೇಳುತ್ತೇವೆ.

ಮದುವೆಯಾದ ಮೊದಲ ಐದು ವರ್ಷಗಳಲ್ಲಿ ಕಾಂದಿವಲಿಯಲ್ಲಿ ನಾಲ್ಕು ಬಾಡಿಗೆ ಮನೆಗಳನ್ನು ಬದಲಿಸಿದೆವು. ಈ ನಗರದಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದೆಂಬುದು ತಮಗೆಲ್ಲ ಗೊತ್ತೇ ಇದೆ. ಗ್ಯಾಸಿನ ಪುಸ್ತಕದಲ್ಲಿ ವಿಳಾಸ ಬದಲಾಗುವಷ್ಟರಲ್ಲಿ ಮನೆಯೇ ಬದಲಾಗುತ್ತಿತ್ತು. ಕೊನೆಗೆ 2017ರಲ್ಲಿ, ನಾಲಾಸೋಪಾರಾ ಪೂರ್ವದಲ್ಲಿ, ನೆಲದ ಅಂತಸ್ತು ಮತ್ತು ಅದರ ಮೇಲೆ ಮೂರು ಮಹಡಿಯ ಕಟ್ಟಡದಲ್ಲಿ, ನೆಲದ ಅಂತಸ್ತಿನದೇ ಒಂದು ಮನೆಯನ್ನು 21 ಲಕ್ಷಕ್ಕೆ ಕೊಂಡೆವು. ಆ ಹಣಕ್ಕೆ ಕಾಂದಿವಲಿಯಲ್ಲಿ ಅಡುಗೆಮನೆಯೂ ಬಾರದು. ನಮ್ಮ ಮನೆಯವರ ಬಳೆಗಳು, ಕುಂದಾಪುರದ ಕಡೆಯ ಗದ್ದೆಯಲ್ಲಿ ನಮ್ಮ ಪಾಲು, ಕೂಡಿಟ್ಟ ಅಲ್ಪಸ್ವಲ್ಪ, ಎಲ್ಲ ಸೇರಿ 7 ಲಕ್ಷ. ಉಳಿದ 14 ಲಕ್ಷ ಸಾಲ.

ಸಾಲ ನಮ್ಮ ಬ್ಯಾಂಕಿನದಲ್ಲ. ಇಲ್ಲಿ ಸ್ವಲ್ಪ ತಲೆ ತಗ್ಗಿಸಿಯೇ ಹೇಳಬೇಕಾಗಿದೆ. ನೌಕರರಿಗೆ ಕಡಿಮೆ ಬಡ್ಡಿಯ ಗೃಹಸಾಲವುಂಟು. ಆದರೆ ಆ ಕಟ್ಟಡಕ್ಕೆ ಓ.ಸಿ. ಇರಲಿಲ್ಲ, ಅಂಥ ಕಟ್ಟಡಕ್ಕೆ ನಮ್ಮ ಬ್ಯಾಂಕು ಸಾಲ ಕೊಡದೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಿರಾಕಿಗಳ ಅರ್ಜಿಗಳನ್ನು ಇದೇ ಕಾರಣಕ್ಕೆ ನಾವೇ ಹಿಂದಿರುಗಿಸಿದ್ದೆವು. "ಆರು ತಿಂಗಳಲ್ಲಿ ಬಂದುಬಿಡುತ್ತದೆ ಸಾಹೇಬ" ಎಂದು ಬಿಲ್ಡರು ಹೇಳಿದ. ನಂಬಿದೆವೆನ್ನುವುದಕ್ಕಿಂತ ನಂಬಬೇಕೆನಿಸಿತು ಎನ್ನುವುದು ಸರಿ. ಹೊರಗಿನ ಒಂದು ಫೈನಾನ್ಸ್ ಕಂಪೆನಿಯಿಂದ ಹೆಚ್ಚಿನ ಬಡ್ಡಿಗೆ ತಂದೆವು. ತಿಂಗಳಿಗೆ 14,000ಕ್ಕೆ ಮೇಲೆ ಕಂತು, ಇಪ್ಪತ್ತು ವರ್ಷ.

ಇನ್ನು ಪುಸ್ತಕಕ್ಕೆ ಏರದ ಖರ್ಚು. ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರು. ನಮ್ಮದು ಅದರ ಹಿಂದಿನ ನಿಲ್ದಾಣ. ನಮ್ಮ ಶಾಖೆ ಫೋರ್ಟಿನಲ್ಲಿ. ಮನೆಯ ಬಾಗಿಲಿನಿಂದ ಶಾಖೆಯ ಬಾಗಿಲಿಗೆ ಎರಡು ಗಂಟೆ, ಬರುವಾಗ ಮತ್ತೆರಡು. ವರ್ಷಕ್ಕೆ 240 ದಿನದ ಕೆಲಸವೆಂದು ಹಿಡಿದರೂ 960 ಗಂಟೆ. ಎಂದರೆ ಹಗಲೂ ರಾತ್ರಿಯೂ ಸೇರಿ ಪೂರಾ 40 ದಿನ ನಾವು ಗಾಡಿಯಲ್ಲೂ ಗಾಡಿಯ ದಾರಿಯಲ್ಲೂ ಇರುತ್ತೇವೆ. ಬೆಳಗ್ಗೆ ನಾಲಾಸೋಪಾರಾದಲ್ಲಿ ಹತ್ತಿದವನಿಗೆ ಕೂರಲು ಜಾಗವೆಲ್ಲಿ? ಆದಕಾರಣ ಮೊದಲು ಹಿಂದಕ್ಕೆ ವಿರಾರಿಗೆ ಹೋಗಿ, ಇಳಿಯದೆ ಅದೇ ಗಾಡಿಯಲ್ಲಿ ಕುಳಿತು ಬರುವುದು ಪದ್ಧತಿ. ಮುಂದೆ ಹೋಗಲು ಹಿಂದೆ ಹೋಗಬೇಕೆಂಬ ಈ ವೇದಾಂತಕ್ಕಾಗಿ ವಿರಾರಿನವರಿಗೂ ನಮಗೂ ನಿತ್ಯ ಜಗಳ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕೂತವರ ಸುಖವನ್ನು ಬಣ್ಣಿಸಲು ಕವಿಯೇ ಬೇಕು.

ನಮ್ಮ ತಾಯಿ ಊರಿನಿಂದ ಬಂದು ಒಂದು ತಿಂಗಳು ಇದ್ದರು. ಹೊರಡುವ ದಿನ, "ಎಂತ ಮಗಾ ಇದು, ಬೆಳ್ಗಿಗೇ ಹೋಪ್ದು, ಕಪ್ಪಾದ್ ಮೇಲೆ ಬಪ್ದು. ಮನಿ ಯಾರಿಗ್ ತಕಂಡದ್ದ್?" ಎಂದರು. ಮಗಳಿಗೆ ಆಗ ನಾಲ್ಕು ವರ್ಷ. ಬೆಳಗ್ಗೆ ಕಣ್ಣು ಬಿಟ್ಟಾಗ ನಾವು ಮನೆಯಲ್ಲಿ ಕಂಡರೆ, "ಅಪ್ಪ, ಆಜ್ ಸಂಡೇ ಹೈ ಕ್ಯಾ?" ಎಂದು ಕೇಳುತ್ತಿದ್ದಳು. ಅಪ್ಪ ಎಂಬ ಒಂದು ಮಾತು ಕನ್ನಡ, ಉಳಿದದ್ದು ಓಣಿಯ ಹಿಂದಿ. ಕನ್ನಡ ಕಲಿಸಬೇಕಾದವರು ಮೀರಾ ರೋಡಿನ ಆಚೆ ಗಾಡಿಯ ಬಾಗಿಲಲ್ಲಿ ನೇತಾಡುತ್ತಿದ್ದರೆ ಮಗುವಾದರೂ ಏನು ಮಾಡೀತು? ಅಮ್ಮನೊಬ್ಬಳ ಬಾಯಿಂದ ಎಷ್ಟು ಕಲಿತೀತು?

ಜಮೆಯ ಕಡೆಗೂ ಬರೆಯಬೇಕು. ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. 2018ರ ಜುಲೈಯ ಮಳೆಗೆ ನಾಲಾಸೋಪಾರಾದ ಹಳಿಗಳು ಮುಳುಗಿ ಗಾಡಿಗಳು ನಿಂತುಹೋದುದು ತಮಗೆ ನೆನಪಿರಬಹುದು. ಆ ರಾತ್ರಿ ನಾವು ಫೋರ್ಟಿನ ಶಾಖೆಯಲ್ಲೇ ಮೇಜಿನ ಮೇಲೆ ಮಲಗಿದೆವು. ಇಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು. ಎರಡನೆಯ ಮಹಡಿಯ ಬಡಗಿ, ಉತ್ತರ ಪ್ರದೇಶದವನು, ಮಗಳನ್ನು ಹೆಗಲ ಮೇಲೆ ಹೊತ್ತು ಮೇಲೆ ಒಯ್ದ. ಮೂರನೆಯ ಮಹಡಿಯ ಮಾಲ್ವಣದ ಮಾವುಶಿ ತಾಯಿ-ಮಗಳಿಬ್ಬರನ್ನೂ ಎರಡು ದಿನ ಇಟ್ಟುಕೊಂಡು 'ಪೇಜ' ಉಣಿಸಿದರು. ಪೇಜವೆಂದರೆ ಮತ್ತೇನಲ್ಲ, ನಮ್ಮ ಕುಚ್ಚಲಕ್ಕಿ ಗಂಜಿಯೇ. ಆ ಮನೆಗೆ ಮಗಳು ಇಂದಿಗೂ ಕೇಳದೆಯೇ ನುಗ್ಗುತ್ತಾಳೆ.

ಇಷ್ಟರಲ್ಲಿ 2025 ಬಂತು. ಆ ವರ್ಷದ ಆರಂಭದ ತಿಂಗಳುಗಳಲ್ಲಿ ನಮ್ಮ ನಾಲಾಸೋಪಾರಾ ಪೂರ್ವದಲ್ಲಿಯೇ, ಸಾರ್ವಜನಿಕ ಉಪಯೋಗಕ್ಕೆ ಕಾದಿರಿಸಿದ್ದ ನೆಲದಲ್ಲಿ ಎದ್ದಿದ್ದ 41 ಅನಧಿಕೃತ ಕಟ್ಟಡಗಳನ್ನು ಹೈಕೋರ್ಟಿನ ಆಜ್ಞೆಯಂತೆ ಕೆಡವಿ ಮುಗಿಸಲಾಯಿತು. ಮಂಚ, ಕಪಾಟು, ದೇವರ ಪಟಗಳೊಂದಿಗೆ ಜನ ರಸ್ತೆಯಲ್ಲಿ ಕುಳಿತಿದ್ದುದನ್ನು ಕಂಡು ಬಂದ ರಾತ್ರಿ ನಮ್ಮ ಕಟ್ಟಡದ ಹದಿನಾರು ಮನೆಗಳವರೂ ಗಚ್ಚಿಯ ಮೇಲೆ ಸೇರಿದೆವು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ಕಿನ ಫೈಲು. "ನೀವು ಬ್ಯಾಂಕಿನವರು, ನೀವೇ ಓದಿ" ಎಂದರು. ಮೊಬೈಲಿನ ಬೆಳಕಿನಲ್ಲಿ ಓದಿದೆವು. ಕಟ್ಟಲು ಅನುಮತಿ ಸಿಕ್ಕಿದ್ದುದು ನೆಲದ ಅಂತಸ್ತಿಗೂ ಒಂದು ಮಹಡಿಗೂ ಮಾತ್ರ. ಎರಡನೆಯದೂ ಮೂರನೆಯದೂ ಕಾಗದದಲ್ಲಿ ಇಲ್ಲವೇ ಇಲ್ಲ. ಬಡಗಿಯ ಮನೆ ಇಲ್ಲ, ಮಾವುಶಿಯ ಮನೆ ಇಲ್ಲ.

(ನಮ್ಮ ಊರು ಪುರಾತನ ಶೂರ್ಪಾರಕ. ಅಲ್ಲಿ ಅಶೋಕನ ಶಾಸನದ ತುಂಡುಗಳು ಸಿಕ್ಕಿವೆ. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿರುವಂತೆ ಅದೇ ಚಕ್ರವರ್ತಿಯವು. ಎರಡು ಸಾವಿರ ವರ್ಷಕ್ಕೂ ಹಳೆಯ ದಾಖಲೆ ಸಿಗುತ್ತದೆ, ಹತ್ತು ವರ್ಷದ ಹಿಂದಿನ ಬಿಲ್ಡರು ಸಿಗುವುದಿಲ್ಲ.)

ಮರುವಾರ ಕೆಳಗಿನ ಎರಡು ಅಂತಸ್ತಿನವರಲ್ಲಿ ಒಬ್ಬರು ನಮ್ಮ ಮನೆಗೆ ಬಂದು, ಮೆಲ್ಲನೆ, ನಾವು ಎಂಟು ಮನೆಗಳವರು ಬೇರೆಯಾಗಿ ಅರ್ಜಿ ಹಾಕೋಣ, ನಮ್ಮ ಕಾಗದ ಬಹುಮಟ್ಟಿಗೆ ನೇರವಾಗಿದೆ, ಮೇಲಿನವರ ಸಂಗಡ ಮುಳುಗುವುದೇಕೆ ಎಂದರು. ಲೆಕ್ಕದ ದೃಷ್ಟಿಯಿಂದ ಅದು ಸರಿಯಾದ ಮಾತು. ನಾವು ಆಗಲೇ ಇಲ್ಲವೆನ್ನಲಿಲ್ಲ. ಎರಡು ರಾತ್ರಿ ಯೋಚಿಸಿದೆವೆಂಬುದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷದ ಸಾಲದಲ್ಲಿ ಇನ್ನೂ ಅರ್ಧಕ್ಕೂ ಹೆಚ್ಚಿನ ಅವಧಿ ಉಳಿದಿತ್ತು. ಮೂರನೆಯ ದಿನ ನಮ್ಮ ಮನೆಯವರು ಕಾಫಿ ಕೊಡುತ್ತ, "ನೀರು ಬಂದ ದಿನ ನಾವು ಯಾವ ಮಹಡಿಯಲ್ಲಿ ಇದ್ದೆವು?" ಎಂದು ಮಾತ್ರ ಕೇಳಿದರು. ಹದಿನಾರು ಮನೆಗಳಿಗೂ ಸೇರಿ ಒಂದೇ ಅರ್ಜಿಯನ್ನು ನಾವೇ ಬರೆದೆವು. ಇಬ್ಬರು ಸಹಿ ಹಾಕಲಿಲ್ಲ; ಅವರ ಮೇಲೆ ನಮಗೆ ಸಿಟ್ಟಿಲ್ಲ.

ಅದೇ ಆಗಸ್ಟಿನಲ್ಲಿ ಪಕ್ಕದ ವಿರಾರಿನಲ್ಲಿ ನಾಲ್ಕು ಅಂತಸ್ತಿನ ಅನಧಿಕೃತ ಕಟ್ಟಡದ ಒಂದು ಭಾಗ ರಾತ್ರಿ ಕುಸಿದು ಹದಿನೇಳು ಜನ ಸತ್ತರು. ಅಂದಿನಿಂದ ಅರ್ಜಿಯ ಜೊತೆಗೆ ಗೋಡೆಯ ಬಿರುಕುಗಳ ಚಿಂತೆಯೂ ಸೇರಿತು. ಮನೆಗೆ ಎರಡು ಸಾವಿರದಂತೆ ಚಂದಾ ಎತ್ತಿ ಎಂಜಿನಿಯರರನ್ನು ಕರೆಸಿ ಕಂಬಗಳನ್ನು ಪರೀಕ್ಷೆ ಮಾಡಿಸಿದ್ದೇವೆ. ಕಂಬಗಳು ಸದ್ಯಕ್ಕೆ ಗಟ್ಟಿಯೆಂದರು, ಗಚ್ಚಿಯ ಸೋರಿಕೆ ನಿಲ್ಲಿಸಿರೆಂದರು. ಅರ್ಜಿಗೆ ಉತ್ತರ ಬರಬೇಕಾಗಿದೆ.

ಈಗ ಕಾರ್ಯದರ್ಶಿಗಳಿಗೆ ನಮ್ಮ ಬಿನ್ನಹ. ನಮ್ಮನ್ನು ಸಭೆಗೆ ಕರೆಯುವ ಬದಲು ಸಭೆಯನ್ನೇ ಒಮ್ಮೆ ನಮ್ಮಲ್ಲಿಗೆ ಕಳುಹಿಸಿಕೊಡಿ. ದೊಡ್ಡ ಭಾಷಣಕಾರರು ಬೇಡ. ಕನ್ನಡದ ಕಾಗುಣಿತದ ಪುಸ್ತಕಗಳು ಇಪ್ಪತ್ತು, ಕಪ್ಪುಹಲಗೆ ಒಂದು, ಭಾನುವಾರ ಬೆಳಗ್ಗೆ ಎರಡು ಗಂಟೆ ಮಕ್ಕಳಿಗೆ ಹೇಳಿಕೊಡುವ ತಾಳ್ಮೆಯುಳ್ಳ ಒಬ್ಬರು, ಇಷ್ಟು ಸಾಕು. ಸುತ್ತಲ ಓಣಿಗಳಲ್ಲಿ ಕನ್ನಡದ ಒಂಬತ್ತು ಮನೆಗಳನ್ನು ಎಣಿಸಿಟ್ಟಿದ್ದೇವೆ. ಹೋಟೆಲಿನವರು, ಕಲಬುರ್ಗಿಯ ಕಡೆಯ ಗಾರೆ ಕೆಲಸದವರು, ಒಬ್ಬ ನರ್ಸಮ್ಮ. ಜಾಗಕ್ಕೆ ಗಚ್ಚಿಯುಂಟು, ಮಾವುಶಿಯವರ ಒಪ್ಪಿಗೆಯೂ ಆಗಿದೆ. ತಮ್ಮ ಮೊಮ್ಮಗನನ್ನೂ ಕೂರಿಸುತ್ತಾರಂತೆ.

ಬರುವವರು ಭಾನುವಾರ ವಿರಾರ್ ಗಾಡಿ ಹತ್ತಿರಿ. ಬೋರಿವಲಿಯಲ್ಲಿ ಇಳಿಯುತ್ತೇವೆಂದು ತಪ್ಪಿಯೂ ಯಾರಿಗೂ ಹೇಳಬೇಡಿ, ಬಾಗಿಲಲ್ಲಿ ನಿಂತವರು ದಾರಿ ಬಿಡರು. ವಸಯಿ ಖಾಡಿಯ ಸೇತುವೆ ದಾಟಿ ಮೂರನೆಯ ನಿಲ್ದಾಣ. ಪೂರ್ವಕ್ಕೆ ಇಳಿದು ಶೇರ್ ರಿಕ್ಷಾದಲ್ಲಿ ಕುಳಿತು ಬನ್ನಿ. ಓಣಿಯ ತುದಿಯಲ್ಲಿ ಮಗಳನ್ನು ನಿಲ್ಲಿಸಿರುತ್ತೇವೆ.