ಗಡ್ಡೆಯ ಗುಟ್ಟು ಹೇಳುವ ನೀರು



ಗಡ್ಡೆಗೆ ಕತ್ತಿ ತಾಗಿಸಬಾರದು, ಸೂಜಿ ಚುಚ್ಚಿದರೆ ಮೈಯೆಲ್ಲ ಹರಡುತ್ತದೆ ಎಂಬ ಮಾತು ಮಂಡ್ಯ ಸೀಮೆಗೆ ಹೊಸದಲ್ಲ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ತೀರಾ ಅಪರೂಪವೆಂದು ವೈದ್ಯರು ಎಷ್ಟು ಹೇಳಿದರೂ ಅಂಜಿಕೆ ಹೋಗುವುದಿಲ್ಲ. ಅಂಜಿಕೆಯಲ್ಲಿ ದಿನ ಕಳೆಯುತ್ತದೆ, ದಿನ ಕಳೆದಂತೆ ಗಡ್ಡೆ ಬಲಿಯುತ್ತದೆ. ಹಾಗಾದರೆ ಚುಚ್ಚದೆ, ಕೊಯ್ಯದೆ ಗಡ್ಡೆಯ ಸ್ವಭಾವ ತಿಳಿಯಲು ಸಾಧ್ಯವೆ? ಸ್ವಲ್ಪಮಟ್ಟಿಗೆ ಸಾಧ್ಯ. ಆ ಗುಟ್ಟನ್ನು ಹೇಳುವುದು ನಮ್ಮ ಮೈಯಲ್ಲೇ ಇರುವ ನೀರು.

ನೀರು ನಿಂತಂತೆ ಕಂಡರೂ ಅದರ ಕಣಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ 1827ರಲ್ಲಿ ಪರಾಗದ ಸೂಕ್ಷ್ಮ ಕಣಗಳು ನೀರಿನಲ್ಲಿ ಗೊತ್ತುಗುರಿಯಿಲ್ಲದೆ ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಈ ಕುಣಿತದ ಲೆಕ್ಕವನ್ನು 1905ರಲ್ಲಿ ಕೊಟ್ಟವರು ಐನ್‌ಸ್ಟೈನ್. ಆ ಲೆಕ್ಕದಂತೆ, ಮೈಬಿಸಿಯ ಶುದ್ಧ ನೀರಿನಲ್ಲಿ ಒಂದು ಕಣ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಯಾವುದೇ ಒಂದು ದಿಕ್ಕಿನಲ್ಲಿ ಸುಮಾರು 17 ಮೈಕ್ರಾನ್ ಸರಿಯುತ್ತದೆ. ನಮ್ಮ ಅನೇಕ ಜೀವಕೋಶಗಳ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಎಂದರೆ, ಅಷ್ಟರೊಳಗೆ ನೀರಿನ ಕಣ ಕೋಶದ ಗೋಡೆಗೆ ಡಿಕ್ಕಿ ಹೊಡೆದಿರುತ್ತದೆ. ಅದು ಎಷ್ಟು ದೂರ ಹೋಗಲು ಸಾಧ್ಯವಾಯಿತು ಎಂದು ಅಳೆದರೆ ಸುತ್ತಲಿನ ಗೋಡೆಗಳು ಎಷ್ಟು ಒತ್ತೊತ್ತಾಗಿವೆ ಎಂದು ಊಹಿಸಬಹುದು.

ಕಬ್ಬಿನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲಿನಲ್ಲಿ ಬಿಟ್ಟ ಕರು ಮನಸ್ಸು ಬಂದ ಕಡೆ ಓಡುತ್ತದೆ. ಬೆಳೆದು ನಿಂತ ಕಬ್ಬಿನ ಗದ್ದೆಗೆ ನುಗ್ಗಿದರೆ ನಾಲ್ಕು ಹೆಜ್ಜೆಗೆ ಸಿಕ್ಕಿಕೊಳ್ಳುತ್ತದೆ. ಅನೇಕ ಕ್ಯಾನ್ಸರ್ ಗಡ್ಡೆಗಳಲ್ಲಿ ಕೋಶಗಳು ಕಿಕ್ಕಿರಿದಿರುತ್ತವೆ. ಅಲ್ಲಿ ನೀರಿನ ಪಾಡು ಕಬ್ಬಿನ ಗದ್ದೆಗೆ ಹೊಕ್ಕ ಕರುವಿನ ಪಾಡು.

ಈ ಚಲನೆಯನ್ನು ಹೊರಗಿನಿಂದ ಅಳೆಯುವುದು ಹೇಗೆ? ಬಲವಾದ ಅಯಸ್ಕಾಂತದ ನಡುವೆ ನೀರಿನ ಜಲಜನಕ ಪರಮಾಣುಗಳು ರೇಡಿಯೋ ಸಂಕೇತಕ್ಕೆ ಓಗೊಡುತ್ತವೆ. ಎಂಆರ್‌ಐ ಯಂತ್ರ ಕೇಳುವುದು ಆ ಓಗೊಡುವಿಕೆಯನ್ನೇ. ಕಣ ಚಲಿಸಿದರೆ ದನಿ ಕುಗ್ಗುತ್ತದೆಂದು ಅಮೆರಿಕದ ಎರ್ವಿನ್ ಹಾನ್ 1950ರಲ್ಲಿ ಗಮನಿಸಿದರು. ಮರುವರ್ಷವೇ, ಗುತ್ತಲಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದ ಅಯಸ್ಕಾಂತ ಅನುರಣನವನ್ನು ಅಳೆದು, ಹರಿವಿನಿಂದ ಸಂಕೇತ ಬದಲಾಗುವುದನ್ನು ಪ್ರಕಟಿಸಿದರು. ಅವರು ಅಳೆದದ್ದು ಹರಿವನ್ನು, ಕಣಗಳ ಕುಣಿತವನ್ನಲ್ಲ. ಆದರೂ ದ್ರವದ ಚಲನೆಯನ್ನು ಮುಟ್ಟದೆ ಅರಿಯುವ ವಿದ್ಯೆಯ ಮೊದಲ ಪುಟಗಳಲ್ಲಿ ಬೆಂಗಳೂರಿನ ಹೆಸರಿದೆ ಎಂಬುದು ನಮ್ಮವರಿಗೆ ತಿಳಿದಿರಬೇಕಾದ ಸಂಗತಿ.

ಕುಣಿತವನ್ನು ಅಚ್ಚುಕಟ್ಟಾಗಿ ಅಳೆಯುವ ವಿಧಾನ 1965ರಲ್ಲಿ ಸ್ಟೆಜ್ಸ್‌ಕಲ್ ಮತ್ತು ಟ್ಯಾನರ್ ಅವರಿಂದ ಬಂತು. ಅಯಸ್ಕಾಂತದ ಒಂದು ತುಡಿತ ಪ್ರತಿ ಕಣಕ್ಕೂ ಅದು ಇರುವ ಜಾಗದ ಗುರುತು ಹಾಕುತ್ತದೆ. ಎರಡನೆಯ ತುಡಿತ ಆ ಗುರುತನ್ನು ಅಳಿಸುತ್ತದೆ. ಅಲುಗದ ಕಣದ ಗುರುತು ಪೂರ್ತಿ ಅಳಿಯುತ್ತದೆ, ಸರಿದ ಕಣದ್ದು ಅಳಿಯುವುದಿಲ್ಲ. ಸರಿದವು ಹೆಚ್ಚಿದಷ್ಟೂ ದನಿ ಕುಗ್ಗುತ್ತದೆ.

ಇದನ್ನು ಮನುಷ್ಯರ ಚಿತ್ರಣಕ್ಕೆ ತಂದವರು ಫ್ರಾನ್ಸಿನ ಡೆನಿ ಲ ಬಿಹಾನ್. ಅವರನ್ನು 1984ರಲ್ಲಿ ಕಾಡಿದ ಪ್ರಶ್ನೆ ಗಡ್ಡೆಯದೇ ಆಗಿತ್ತು: ಪಿತ್ತಜನಕಾಂಗದ ಕ್ಯಾನ್ಸರ್ ಗಡ್ಡೆಯನ್ನು ನಿರಪಾಯದ ರಕ್ತನಾಳದ ಗಂಟಿನಿಂದ ಬೇರ್ಪಡಿಸುವುದು ಹೇಗೆ? ಉಸಿರಾಟಕ್ಕೆ ಹೊಟ್ಟೆ ಅಲುಗಿ ಆ ಪ್ರಯತ್ನ ಕೈಕೊಟ್ಟಿತು. ಅವರು ಮಿದುಳಿನತ್ತ ತಿರುಗಿದರು, ಗೆದ್ದರು. ಯಂತ್ರಗಳು ಚುರುಕಾದ ಮೇಲೆ ವಿದ್ಯೆ ಮತ್ತೆ ಹೊಟ್ಟೆಗೂ, ಸ್ತನಕ್ಕೂ, ಪ್ರಾಸ್ಟೇಟ್ ಗ್ರಂಥಿಗೂ ಬಂತು.

ಅಳತೆಯ ಫಲ ಒಂದು ಅಂಕಿ. ವೈದ್ಯರು ಅದನ್ನು ಎಡಿಸಿ ಎನ್ನುತ್ತಾರೆ. ಮೈಬಿಸಿಯ ಶುದ್ಧ ನೀರಿಗೆ ಅದು ಸುಮಾರು 3, ಆರೋಗ್ಯವಂತ ಮಿದುಳಿಗೆ ಸುಮಾರು 0.8. ಕೋಶಗಳು ದಟ್ಟವಾದಂತೆ ಅಂಕಿ ಇಳಿಯುತ್ತದೆ. ಔಷಧಿ ನಾಟಿ ಕೋಶಗಳು ಸತ್ತರೆ, ಕಟಾವಾದ ಗದ್ದೆಯಂತೆ ಜಾಗ ತೆರವಾಗಿ ಅಂಕಿ ಏರುತ್ತದೆ. ಗಡ್ಡೆಯ ಗಾತ್ರ ಕುಗ್ಗುವ ಮೊದಲೇ ಇದು ಕಾಣಬಹುದು. ನಾಟದ ಔಷಧಿಯನ್ನು ಬೇಗ ಬದಲಿಸಬಹುದೆಂಬ ಆಸೆ ಇರುವುದು ಇಲ್ಲಿ. ಇದಕ್ಕೆ ಚುಚ್ಚುಮದ್ದು ಬೇಡ, ಕ್ಷಕಿರಣವಿಲ್ಲ, ಹಿಡಿಯುವುದು ಕೆಲವೇ ನಿಮಿಷ. ಎಂಆರ್‌ಐನಲ್ಲಿ ಕಂಡ ಸಂಶಯದ ಸ್ತನದ ಗಂಟುಗಳಲ್ಲಿ, ಈ ಅಂಕಿ ನೋಡಿದರೆ ಸುಮಾರು ಐದರಲ್ಲೊಂದು ಸೂಜಿ ಪರೀಕ್ಷೆ ತಪ್ಪಿಸಬಹುದೆಂದು ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನ ಸೂಚಿಸಿತು.

ಆದರೆ ಅಂಕಿಯೇ ತೀರ್ಪಲ್ಲ. ಮಿದುಳಿನ ಬಾವಿನ ಗಟ್ಟಿ ಕೀವಿನಲ್ಲೂ ನೀರು ತೆವಳುತ್ತದೆ, ಅಂಕಿ ಇಳಿಯುತ್ತದೆ. ಲೋಳೆ ತುಂಬಿದ ಕೆಲವು ಕ್ಯಾನ್ಸರ್‌ಗಳಲ್ಲಿ ಅಂಕಿ ಏರಿಯೇ ಇರುತ್ತದೆ. ಯಂತ್ರದಿಂದ ಯಂತ್ರಕ್ಕೂ ಅಳತೆ ಬದಲಾಗಬಹುದು. ಅದಕ್ಕೇ ಮಂಜುಗಡ್ಡೆಯ ನೀರಿಟ್ಟು ಯಂತ್ರವನ್ನು ಪರೀಕ್ಷಿಸುವ ರೂಢಿ ಬಂದಿದೆ. ಸೊನ್ನೆ ಡಿಗ್ರಿಯಲ್ಲಿ ನೀರಿನ ಅಂಕಿ 1.1, ಅದು ಎಲ್ಲ ಊರಿನಲ್ಲೂ ಒಂದೇ. ತಕ್ಕಡಿಗೆ ಬಟ್ಟು ಇದ್ದಂತೆ ಇದು.

ಯಾವ ಜಾತಿಯ ಕ್ಯಾನ್ಸರ್, ಯಾವ ಔಷಧಿಗೆ ಬಗ್ಗುತ್ತದೆ ಎಂದು ಖಚಿತಪಡಿಸಲು ಇಂದಿಗೂ ಗಡ್ಡೆಯ ಚೂರು ಬೇಕು. ಎಂಆರ್‌ಐ ಆಯಿತು, ಇನ್ನು ಸೂಜಿ ಏಕೆ ಎಂದು ಮನೆಗೆ ಮರಳುವುದು ಸರಿಯಲ್ಲ. ಎಲ್ಲಿ ಚುಚ್ಚಬೇಕು, ಯಾವಾಗ ಬೇಡ, ಮದ್ದು ನಾಟುತ್ತಿದೆಯೆ ಎಂಬುದನ್ನು ತಿಳಿಯಲು ನೀರಿನ ಸಾಕ್ಷಿ ನೆರವಾಗುತ್ತದೆ. ಸಾಕ್ಷಿ ಇದ್ದ ಮಾತ್ರಕ್ಕೆ ನ್ಯಾಯಾಧೀಶ ಬೇಡವೆಂದಾಗುವುದಿಲ್ಲ. ಆದ್ದರಿಂದ ಗಂಟು ಕಂಡ ದಿನವೇ ವೈದ್ಯರ ಬಳಿ ಹೋಗಿ. ಅವರು ಸೂಜಿ ಬೇಕೆಂದರೆ ಏಕೆಂದು ಕೇಳಿ ತಿಳಿಯಿರಿ, ಅಂಜಿ ದಿನ ದೂಡಬೇಡಿ.