ಅಳತೆಯ ಯಂತ್ರ ಮತ್ತು ಮಲಪ್ರಭೆಯ ಮಣ್ಣು

(ಭಾಷಣದ ಪಠ್ಯ)



ಮಣ್ಣು ಪರೀಕ್ಷಾಲಯದ ಮೇಜಿನ ಮೇಲಿರುವ ಎಲೆಕ್ಟ್ರಾನಿಕ್ ಅಳತೆಯ ಯಂತ್ರವು ಹುಟ್ಟಿದ್ದು ಬೇಸಾಯಗಾರರ ಅಗತ್ಯದಿಂದಲೇ. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಸ್ಥೆಯ ರಸಾಯನಶಾಸ್ತ್ರಜ್ಞ ಗ್ಲೆನ್ ಜೋಸೆಫ್ ಅವರಿಗೆ ನಿಂಬೆರಸದ ಆಮ್ಲತೆಯನ್ನು ಅಳೆಯಬೇಕಾಗಿತ್ತು. ರಸಕ್ಕೆ ಸೇರಿಸಿದ್ದ ಗಂಧಕದ ಡೈಆಕ್ಸೈಡ್‌ನಿಂದಾಗಿ ಲಿಟ್ಮಸ್ ಕಾಗದವು ಬಣ್ಣಗೆಡುತ್ತಿತ್ತು. ಗಾಜಿನ ಎಲೆಕ್ಟ್ರೋಡಿನ ವಿದ್ಯುತ್ ಸಂಕೇತವೋ ಅತಿ ಕ್ಷೀಣ. ಅವರ ಹಳೆಯ ಸಹಪಾಠಿ ಆರ್ನಾಲ್ಡ್ ಬೆಕ್‌ಮನ್ ಅವರು ನಿರ್ವಾತ ನಳಿಕೆಗಳಿಂದ ಆ ಸಂಕೇತವನ್ನು ವರ್ಧಿಸುವ ಉಪಕರಣವನ್ನು ರಚಿಸಿಕೊಟ್ಟರು. 1935ರಲ್ಲಿ ನ್ಯಾಷನಲ್ ಟೆಕ್ನಿಕಲ್ ಲ್ಯಾಬೊರೇಟರೀಸ್ ಕಂಪನಿಯು ಅದನ್ನು ಮಾರುಕಟ್ಟೆಗೆ ತಂದಿತು. 1950ರಲ್ಲಿ ಆ ಕಂಪನಿಯು ಬೆಕ್‌ಮನ್ ಇನ್‌ಸ್ಟ್ರುಮೆಂಟ್ಸ್ ಎಂದು ಹೆಸರು ಪಡೆಯಿತು. ನಮ್ಮ ದೇಶದಲ್ಲಿ ಹೈದರಾಬಾದಿನ ಎಲಿಕೋ, ಅಹಮದಾಬಾದಿನ ಸಿಸ್ಟ್ರಾನಿಕ್ಸ್ ಮುಂತಾದ ಕಂಪನಿಗಳು ಇಂಥ ಉಪಕರಣಗಳನ್ನು ತಯಾರಿಸುತ್ತ ಬಂದಿವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗೆ ಈ ಯಂತ್ರದಿಂದ ಆಗಬೇಕಾದುದೇನು? ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಮೂಡಲಿಗೆ ಹರಿದಂತೆ ಮಳೆ ಕಡಿಮೆಯಾಗುತ್ತದೆ. ಮಲೆನಾಡಿನ ಸೆರಗಿನ ಕಿತ್ತೂರಿನಲ್ಲಿ ಮಳೆನೀರೇ ಲವಣಗಳನ್ನು ತೊಳೆದೊಯ್ಯುತ್ತದೆ. ರಾಮದುರ್ಗದ ಕಡೆಗೆ ಅವು ನೆಲದಲ್ಲಿಯೇ ಉಳಿಯುತ್ತವೆ. ಜಿಗುಟಾದ ಎರೆಭೂಮಿಗೆ ಕಾಲುವೆ ನೀರನ್ನು ಹಾಯಿಸಿ, ಬಸಿಗಾಲುವೆ ತೋಡದಿದ್ದರೆ ಅಂತರ್ಜಲವು ಮೇಲೇರಿ, ನೀರು ಆವಿಯಾಗಿ, ಉಪ್ಪು ಮೇಲ್ಮಣ್ಣಿಗೆ ಬರುತ್ತದೆ. ಸವಳು-ಜವಳು ಎಂದು ನಾವು ಕರೆಯುವುದು ಇದನ್ನೇ. ನವಿಲುತೀರ್ಥದ ಅಣೆಕಟ್ಟಿನ ಅಚ್ಚುಕಟ್ಟಿನಲ್ಲಿ, 1980ರ ಜುಲೈನಲ್ಲಿ ನರಗುಂದ-ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯಕ್ಕೆ ಬೆಟರ್‌ಮೆಂಟ್ ಲೆವಿಯ ಹೊರೆ ಮುಖ್ಯ ಕಾರಣ. ಹೊಲಗಳು ಸವಳಾದ ನೋವೂ ಅದರ ಹಿಂದಿತ್ತು.

ಸವಳೆಲ್ಲವೂ ಒಂದೇ ಅಲ್ಲ. ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿ, ರಸಸಾರ 8.5ಕ್ಕಿಂತ ಕಡಿಮೆಯಿದ್ದರೆ ಅದು ಲವಣಭೂಮಿ. ಬಸಿಗಾಲುವೆ ತೆಗೆದು ಸಿಹಿನೀರಿನಿಂದ ತೊಳೆದರೆ ಅದು ಸುಧಾರಿಸುತ್ತದೆ. ರಸಸಾರ 8.5 ಮೀರಿ, ಸೋಡಿಯಂ ಹೆಚ್ಚಾಗಿದ್ದರೆ ಅದು ಕ್ಷಾರಭೂಮಿ. ಅದಕ್ಕೆ ಮೊದಲು ಜಿಪ್ಸಮ್ ಬೇಕು. ಬರಿಯ ನೀರು ಹಾಯಿಸಿದರೆ ಮಣ್ಣಿನ ರಚನೆ ಇನ್ನಷ್ಟು ಕೆಡುತ್ತದೆ. ಕಣ್ಣಿಗೆ ಎರಡೂ ಬಿಳಿಯಾಗಿ ಕಾಣಬಹುದು. ಭೇದವನ್ನು ಹೇಳುವುದು ಅಳತೆ ಮಾತ್ರ. ಅಳತೆ ತಪ್ಪಿದರೆ ಮದ್ದೂ ತಪ್ಪುತ್ತದೆ, ರೈತನ ಹಣವೂ ಹೋಗುತ್ತದೆ.

ಆದರೆ ಯಂತ್ರವು ತಾನಾಗಿ ಸತ್ಯ ನುಡಿಯುವುದಿಲ್ಲ. ರಸಸಾರಮಾಪಕವನ್ನು 7.0 ಮತ್ತು 9.2ರ ಬಫರ್ ದ್ರಾವಣಗಳಿಂದ ಸರಿಹೊಂದಿಸಬೇಕು. ವಾಹಕತಾಮಾಪಕವು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.41 ತೋರಿಸಬೇಕು. ಗಾಜಿನ ಎಲೆಕ್ಟ್ರೋಡು ಒಣಗಬಾರದು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದ ಅಂಕಿಗೆ, ಸಂತೃಪ್ತ ಸಾರದ 4ರ ಮಿತಿಯನ್ನು ಹಚ್ಚಲಾಗದು. ನೀರು ಹೆಚ್ಚಿದಷ್ಟೂ ಅಂಕಿ ತಗ್ಗುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ 12 ಅಂಶಗಳಲ್ಲಿ ಈ ಎರಡು ಅಳತೆಗಳೂ ಇವೆ. ಚೀಟಿ ಕೈಸೇರಿದಾಗ ರೈತರು ಮೂರು ಪ್ರಶ್ನೆ ಕೇಳಬೇಕು: ಮಾದರಿಯನ್ನು ಹೊಲದ ಯಾವ ಭಾಗದಿಂದ, ಎಷ್ಟು ಆಳದಿಂದ ತೆಗೆಯಲಾಯಿತು? ಯಂತ್ರವನ್ನು ಎಂದು ಸರಿಹೊಂದಿಸಲಾಯಿತು? ಯಾವ ವಿಧಾನದಿಂದ ಅಳೆಯಲಾಯಿತು? ಬದುವಿನ ಬುಡದ, ತಿಪ್ಪೆಯ ಪಕ್ಕದ, ಮರದ ನೆರಳಿನ ಮಣ್ಣು ಹೊಲದ ಪ್ರತಿನಿಧಿಯಾಗದು. ಸವಳಿನ ಶಂಕೆಯಿದ್ದಲ್ಲಿ ಮೇಲ್ಮಣ್ಣಷ್ಟೇ ಸಾಲದು, ಕೆಳಪದರದ ಮಣ್ಣೂ ಬೇಕು.

ಮೇಲಿನ ಕಾಡನ್ನು ಉಳಿಸುವುದೂ ಕೆಳಗಿನ ಹೊಲವನ್ನು ಅರಿಯುವುದೂ ಒಂದೇ ನದಿಯ ಕೆಲಸ. ಕಾಲುವೆಗೆ ಎಷ್ಟು ನೀರು ಬಂತೆಂದು ಲೆಕ್ಕವಿಡುವಂತೆಯೇ, ಆ ನೀರು ಹೊಲದಲ್ಲಿ ಎಷ್ಟು ಉಪ್ಪು ಬಿಟ್ಟಿತೆಂಬುದನ್ನೂ ಊರೂರಿನಲ್ಲಿ ವರ್ಷಕ್ಕೊಮ್ಮೆ ಬರೆದಿಡೋಣ. ಆ ದಾಖಲೆ ರೈತರ ಕೈಯಲ್ಲಿದ್ದರೆ ಬಸಿಗಾಲುವೆಗಾಗಿ ಕೇಳುವ ಬೇಡಿಕೆಗೆ ಆಧಾರವಿರುತ್ತದೆ.